ನೀರು ಕುಡಿಯುವ ಪಂಪು

“ಇನ್ನೊಂದು ಕೊಡ ತಾರೇ!” ಕೆಳಗಿನಿಂದ ಅಪ್ಪಾಜಿ ಕೂಗಿದರು.

ನೀಲಾಂಬಿಕ ಕೊಡ ಹೊತ್ತು ಮೆಟ್ಟಿಲಿಳಿದಳು. ಅರ್ಧ ನೀರು ಕೊಡದಲ್ಲಿ, ಅರ್ಧ ಅವಳ ಲಂಗದ ಮೇಲೆ. ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಆಗಲೇ ಪಾದ ಮುಳುಗುವಷ್ಟು ನೀರು ನಿಂತಿತ್ತು. ಅದನ್ನು ಹೊರಗೆ ಹಾಕಲು ಇಷ್ಟೆಲ್ಲ ಒದ್ದಾಟ. ಹಾಗಿರುವಾಗ ಮೇಲಿನಿಂದ ಮತ್ತೆ ನೀರು ತರುವುದೆಂದರೆ!

“ಅಪ್ಪಾಜಿ, ನೀರು ತೆಗೆಯೋಕೆ ನೀರು ಯಾಕೆ ಹಾಕ್ತೀರಿ?”

“ಪಂಪಿಗೆ ಮೊದ್ಲು ಕುಡಿಸ್ಬೇಕು ಕಣೆ. ಪೈಪಿನ ತುಂಬ ನೀರು ನಿಂತ್ರೇನೇ ಅದು ಎಳೆಯೋದು.”

“ಹಂಗಾದ್ರೆ ಇಲ್ಲಿರೋ ನೀರನ್ನೇ ಕುಡಿಸಿ.”

“ಇದು ಕೆಸರು. ಅದರ ಹೊಟ್ಟೆ ಕೆಡ್ತೈತೆ. ಸುಮ್ನೆ ಸುರಿ.”

ನೀಲ ಸುರಿದಳು. ಪಂಪು ಗಟಗಟನೆ ಕುಡಿಯಿತು, ಆದರೆ ತುಂಬಲಿಲ್ಲ. ಸುರಿದದ್ದೆಲ್ಲ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಅಪ್ಪಾಜಿ ಸಿಟ್ಟಿನಲ್ಲಿ ಸ್ವಿಚ್ ಹಾಕಿದರು. ಗುರ್ರ್ ಎಂದು ಸದ್ದು ಬಂತು, ನೀರು ಮಾತ್ರ ಬರಲಿಲ್ಲ.

ಅಂಜನಾಪುರದ ನಾಲೆಗೆ ನೀರು ಬಿಟ್ಟರೆ ಸುತ್ತಲಿನ ಗದ್ದೆಗಳಿಗೆಲ್ಲ ಖುಷಿ. ಶಿಕಾರಿಪುರದ ಪೇಟೆಯ ಅಂಚಿನಲ್ಲಿದ್ದ ಅವಳ ಅಪ್ಪಾಜಿ ಮಹೇಶ್ವರಪ್ಪನವರ ಬೆಲ್ಲದ ಅಂಗಡಿಗೆ ಮಾತ್ರ ಫಜೀತಿ. ಗೋಡೆಯ ಬುಡದಲ್ಲಿ ನೀರು ಒಸರಿ, ಮೂಲೆಯ ಗುಂಡಿ ತುಂಬಿ, ನೆಲಕ್ಕೆಲ್ಲ ಹರಡುತ್ತಿತ್ತು. ಹೋದ ವರ್ಷ ಅರ್ಧ ಬೆಲ್ಲ ಕರಗಿ ಪಾಕವಾಗಿ, ಊರಿನ ಇರುವೆಗಳೆಲ್ಲ ನೆಂಟರಂತೆ ಬಂದು ಹೋಗಿದ್ದವು.

ಅದಕ್ಕೇ ಪಂಪು ತಂದದ್ದು. ಪಕ್ಕದಂಗಡಿಯ ಉಜ್ಜಪ್ಪ, “ಆಯಿಲ್ ಎಂಜಿನ್ ತಗೊಳ್ರಿ, ಕರೆಂಟ್ ನಂಬಬ್ಯಾಡ್ರಿ” ಎಂದಿದ್ದ. ಪಂಪು ರಿಪೇರಿಯ ಮಸ್ತಾನ್ ಸಾಬರು ನಕ್ಕುಬಿಟ್ಟಿದ್ದರು. “ನೆಲಮಾಳಿಗೆ ಒಳಗೆ ಎಂಜಿನ್ ಇಟ್ಟು ಹೊಗೆ ಕುಡೀತೀರೇನ್ರಿ? ಇಷ್ಟು ಗುಂಡಿಗೆ ಸಣ್ಣ ಮೋಟಾರು ಸಾಕು. ವಾರಕ್ಕೊಂದ್ಸಲ ಓಡಿಸಿ ನೋಡ್ತಿರಿ, ಅಷ್ಟೇ.” ಅಪ್ಪಾಜಿ ಹೂಂ ಎಂದು ಅವರ ಕೈಯಿಂದಲೇ ಪಂಪು ಕೂರಿಸಿದರು. ಆಮೇಲೆ ಹೊಸ ಪಂಪಿಗೆ ಧೂಳು ಕೂರದಂತೆ ಗೋಣಿಚೀಲ ಹೊದಿಸಿ ಮರೆತೇಬಿಟ್ಟರು.

ಈಗ ಹಲಗೆಯ ಮೇಲಿದ್ದ ಬೆಲ್ಲದ ಮೂಟೆಗೂ ನೀರಿಗೂ ನಡುವೆ ಉಳಿದದ್ದು ಬೆರಳು ತೂರುವಷ್ಟೇ ಜಾಗ.

ಹೇಳಿ ಕಳಿಸಿದ್ದಕ್ಕೆ ಮಸ್ತಾನ್ ಸಾಬರು ಸೈಕಲ್ ಏರಿ ಬಂದರು. ಅವರ ಬೆನ್ನಿಗೇ ಉಜ್ಜಪ್ಪನೂ ಬಂದು ಮೆಟ್ಟಿಲ ಮೇಲೆ ಕೂತ. ತಮಾಷೆ ನೋಡುವುದೆಂದರೆ ಅವನಿಗೆ ಊಟಕ್ಕಿಂತ ಇಷ್ಟ.

“ಫುಟ್‌ವಾಲ್ವ್ ಹಿಡೀತಿಲ್ಲ ಸಾವ್ಕಾರ್ರೆ” ಎಂದರು ಸಾಬರು. ನೀಲಳ ಕಡೆ ತಿರುಗಿ, “ಪೈಪಿನ ತುದೀಗೆ ಒಂದು ಮುಚ್ಚಳ ಇರ್ತೈತವ್ವ. ಅದು ಮುಚ್ಚದಿದ್ರೆ ನೀನು ಹಾಕಿದ ನೀರೆಲ್ಲ ಕೆಳಗೇ ಸೋರಿ ಹೋಗ್ತೈತೆ” ಎಂದರು.

ಪೈಪನ್ನು ಗುಂಡಿಯಿಂದ ಮೇಲೆತ್ತಿದರು. ಮುಚ್ಚಳದ ಸಂದಿಯಲ್ಲಿ ಕಪ್ಪಗೆ ಕೊಳೆತ ನಾರು ಸಿಕ್ಕಿಕೊಂಡಿತ್ತು.

“ಬಾಳೆನಾರು!” ಸಾಬರು ಹುಬ್ಬು ಗಂಟಿಕ್ಕಿದರು. “ಇದಿಲ್ಲಿಗೆ ಹೆಂಗೆ ಬಂತು? ನನಗೂ ತಿಳೀವಲ್ದು.”

“ನನಗೆ ತಿಳೀತು” ಎಂದ ಉಜ್ಜಪ್ಪ. “ಪೈಪ್ ಜೋಡಿಸುವಾಗ ಸಂದಿ ಸೋರದಂಗೆ ಒಳ್ಳೆ ಸೆಣಬು ಸುತ್ತೋ ಬದ್ಲು ಇವ್ರು ಪುಕ್ಕಟೆ ಬಾಳೆನಾರು ಸುತ್ಯಾರೆ. ಅದೇ ಬಿಚ್ಕೊಂಡೈತೆ.”

ಅಪ್ಪಾಜಿಯ ಮುಖ ಕೆಂಪಾಯಿತು. “ನಂಬಿ ಕೆಲಸ ಕೊಟ್ರೆ ಹಿಂಗೆ ಮಾಡೋದಾ ಸಾಬ್ರೆ? ಪೇಟೇಲಿ ಇನ್ಯಾರಿಗೂ ನಿಮ್ಮ ಹೆಸ್ರು ಹೇಳಲ್ಲ ನಾನು.”

“ಸೆಣಬೇ ಸುತ್ತಿದ್ದು, ಸಾವ್ಕಾರ್ರೆ.” ಸಾಬರು ಅಷ್ಟೇ ಹೇಳಿದರು. ನಾರನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ನೀಲ ಹತ್ತಿರ ಬಂದು ನೋಡಿದಳು. ನಾರಿನಲ್ಲಿ ಗಂಟುಗಳಿದ್ದವು. ಒಂದು ಗಂಟಿನಲ್ಲಿ ಕಣಗಿಲೆ ಹೂವಿನ ತೊಟ್ಟು. ಪಕ್ಕದಲ್ಲಿ ಒಂದು ಬಿಲ್ವಪತ್ರೆ. ಅವಳಿಗೆ ಗುರುತು ಸಿಕ್ಕಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸಾಬರ ಮುಖ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

“ಅದು... ಅಜ್ಜಿಯ ಪೂಜೆ ಹೂವು. ನಾನೇ ಹಾಕಿದ್ದು.”

“ಏನಂದೆ?”

“ಯಾರೂ ತುಳೀಬಾರ್ದು, ನೀರಿಗೆ ಬಿಡು ಅಂತ ಅಜ್ಜಿ ಪ್ರತಿ ಸೋಮವಾರ ಕೊಡ್ತಾರೆ. ಕೆರೆ ದೂರ. ಇಲ್ಲೂ ನೀರೇ ಐತಲ್ಲ ಅಂತ... ಅದು ತಪ್ಪಾ ಅಪ್ಪಾಜಿ?”

ದೇವರ ಹೂವಿಗೆ ಬೈಯುವುದು ಹೇಗೆ? ಅಪ್ಪಾಜಿ ಖಾಲಿ ಕೊಡ ಎತ್ತಿ ಮೆಟ್ಟಿಲ ಮೇಲಿಟ್ಟರು. ಉಜ್ಜಪ್ಪ ಅಂಗಡಿಯ ನೆನಪಾದವನಂತೆ ಎದ್ದು ಹೋದ.

ಸಾಬರು ನಾರು ಬಿಡಿಸಿ, ಮುಚ್ಚಳ ತೊಳೆದು, ಪೈಪ್ ಇಳಿಸಿದರು. ಈ ಸಲ ನೀರು ಸುರಿದಾಗ ಪಂಪಿನ ಬಾಯಿ ತುಂಬಿ ತುಳುಕಿತು. ಸ್ವಿಚ್ ಹಾಕಿದ್ದೇ ತಡ, ಪೈಪು ಅದುರಿತು.

ನೀರು ಎಲ್ಲಿಗೆ ಬರುತ್ತದೆಂದು ನೋಡಲು ನೀಲ ಬೀದಿಗೆ ಓಡಿದಳು. ನೀರು ಭರ್ರನೆ ಬಂದು ಚರಂಡಿಗೆ ಬಿದ್ದು, ಉಕ್ಕಿ ರಸ್ತೆಗೆ ಹರಿಯಿತು. ಅದರ ಜೊತೆ ಕಣಗಿಲೆಯ ಎಸಳುಗಳೂ ಪತ್ರೆಯ ಚೂರುಗಳೂ ಬಂದವು. ಸಂತೆಯಿಂದ ಬರುವವರು ಅದರ ಮೇಲೆಯೇ ನಡೆದು ಹೋದರು. ಗುಂಡಿಗೆ ಹಾಕಿದ ಹೂವು ಅಲ್ಲೇ ಇರುತ್ತದೆಂದು ಅವಳು ತಿಳಿದಿದ್ದಳು. ಈಗ ಅಳು ಬಂತು. ಕೂತು ಒಂದೊಂದೇ ಎಸಳು ಆರಿಸತೊಡಗಿದಳು.

ಹೊರಗೆ ಬಂದ ಮಸ್ತಾನ್ ಸಾಬರು ಸೈಕಲ್ಲಿನ ಕಡೆ ಎತ್ತಿದ ಕಾಲನ್ನು ಹಿಂದಕ್ಕಿಟ್ಟರು. ಅವರ ಪಾದದ ಸುತ್ತ ಎಸಳುಗಳಿದ್ದವು.

“ನಿಧಾನಕ್ಕೆ ಆರಿಸ್ಕೊಳವ್ವ” ಎಂದು ಅಲ್ಲೇ ಅಲುಗಾಡದೆ ನಿಂತರು.

ಅಷ್ಟರಲ್ಲಿ ಅಪ್ಪಾಜಿ ಬಂದರು. “ಸಾಬ್ರೆ, ನಾನು ಉಜ್ಜಪ್ಪನ ಮಾತು ಕಟ್ಕೊಂಡು...” ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ನಡುಬೀದಿಯಲ್ಲಿ ಎಲ್ಲರ ಎದುರಿಗೆ ಬಗ್ಗಿ, ಸಾಬರ ಪಾದದ ಬಳಿಯ ಎಸಳುಗಳನ್ನು ಆರಿಸತೊಡಗಿದರು.

ಅಷ್ಟು ಹೊತ್ತೂ ಕಣ್ಣೆತ್ತಲಿಲ್ಲ. ಯಾಕೆಂದು ನೀಲ ಈ ಸಲ ಕೇಳಲಿಲ್ಲ. ಸ್ವಲ್ಪ ಸರಿದು ಅವರಿಗೆ ಜಾಗ ಬಿಟ್ಟಳು.