ಒಂದು ಸುತ್ತು ಹೆಚ್ಚು

ಸ್ಫೋಟದ ಬಗ್ಗೆ ಮಕ್ಕಳಿಗೆ ಹೇಳಲು ನಾನು ಯಾರು ಎಂದು ಅಳುಕಿ, ಈ ಕತೆಯನ್ನು ನಾಲ್ಕು ಸಲ ಬರೆದು ಬದಿಗಿಟ್ಟಿದ್ದೆ. ನಾನು ವಿಜ್ಞಾನ ಕಲಿತದ್ದು ರಾತ್ರಿ ಶಾಲೆಯಲ್ಲಿ, ಹಗಲಿನ ಕೆಲಸ ಮುಗಿಸಿ, ತೂಕಡಿಸುತ್ತಾ. ತಪ್ಪು ಕಂಡರೆ ಕ್ಷಮಿಸಿ. ನಿಮ್ಮ ಟೀಚರಲ್ಲಿ ಕೇಳಿ ಸರಿಮಾಡಿಕೊಳ್ಳಿ.

"ಸಿಲಿಂಡರ್ ಫಟಾ ಕ್ಯಾ? ಒಡೆದದ್ದು ಯಾರ ಮನೆಯದು?"

ಮಧ್ಯಾಹ್ನ ಢಮ್ಮೆಂಬ ಸದ್ದಾದದ್ದೇ ಕೆಳಗಿನ ಮಾಳಿಗೆಯಿಂದ ಯಾರೋ ಕೂಗಿ ಕೇಳುತ್ತಿದ್ದರು. ಪ್ರಣೀತಾ ಬಾಗಿಲು ತೆರೆದು ಹೊರಗೆ ಬಂದಳು. ಎದುರು ಮನೆಯ ಮುಕ್ತಾ ಆಜಿ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡುತ್ತಿದ್ದರು. ಮೂರನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಕೈಯೂರಿ ಬಿದ್ದರು.

"ಕೆಳಗೆ ನಡಿ ಪೋರಿ," ಎಂದರು ಆಜಿ, ಬಿದ್ದಲ್ಲಿಂದಲೇ. "ಕಂಪನಿ ಮತ್ತೆ ಹಾರಿತು. ಕೆಳಗೆ ನಡಿ."

ಪ್ರಣೀತಾ ಅವರನ್ನು ಹಿಡಿದು ಎಬ್ಬಿಸಿದಳು. ಆಜಿಯ ಸೀರೆಯ ತುಂಬ ಬಿಳಿ ಚುಕ್ಕೆಗಳು. ಪ್ರಣೀತಾಳ ಬೆರಳಿಗೂ ಅಂಟಿತು. ಹುಳಿ ವಾಸನೆ.

ಅದು ಅಮ್ಮ ಬಿಲ್ಡಿಂಗಿನವರಿಗೆಲ್ಲ ಮಾಡಿ ಕೊಡುವ ಇಡ್ಲಿ ಹಿಟ್ಟು.

ಮುಂಬಯಿ ಹತ್ತಿರದ ಡೊಂಬಿವಲಿಯ ಆ ಬಿಲ್ಡಿಂಗಿನಲ್ಲಿ ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಎಲ್ಲ ಕಿಟಕಿಗಳ ಗಾಜೂ ಒಡೆದಿತ್ತು. ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಫೋಟವಾಗಿತ್ತು. ಆಜಿ ಆಗ ಕಿಟಕಿಯ ಹತ್ತಿರವೇ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಅಂದಿನಿಂದ ಅವರಿಗೆ ಕುಕ್ಕರ್ ಸೀಟಿ ಹೊಡೆದರೂ ಬೆಚ್ಚುವ ಅಭ್ಯಾಸ.

ಈ ಸಲ ಕಂಪನಿ ಹಾರಿರಲಿಲ್ಲ. ಆಜಿಯ ಅಡುಗೆಕಟ್ಟೆಯ ಮೇಲೆ ಹಿಟ್ಟಿನ ಗಾಜಿನ ಬಾಟಲಿ ಒಡೆದು ಚೂರುಚೂರಾಗಿತ್ತು. ಸೀಲಿಂಗಿನವರೆಗೂ ಹಿಟ್ಟು ಹಾರಿತ್ತು.

ಸಂಜೆ ಆಜಿಯ ಸೊಸೆ ಜ್ಯೋತಿ ಕಾಕೂ ಬಾಗಿಲಿಗೆ ಬಂದರು. ಆಜಿಯ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತಂತೆ, ಪ್ಲಾಸ್ಟರ್ ಹಾಕಿದ್ದರಂತೆ. ಆ ಮಾಳಿಗೆಯಲ್ಲಿ ಎಲ್ಲರ ಮಾತೂ ಮರಾಠಿ, ಹಿಂದಿ ಬೆರೆಸಿಯೇ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಆಜಿ ಅಂದರೆ ಅಜ್ಜಿ, ಕಾಕೂ ಅಂದರೆ ಚಿಕ್ಕಮ್ಮ, ವಹಿನಿ ಅಂದರೆ ಅತ್ತಿಗೆ.

"ವಿನೋದಾ ವಹಿನಿ, ಹಿಟ್ಟಿಗೆ ಏನು ಹಾಕ್ತೀರಿ? ಸೋಡಾನಾ?"

"ಎಂಥದೂ ಹಾಕೂದಿಲ್ಲ ಜ್ಯೋತಿ," ಎಂದಳು ಅಮ್ಮ. "ಅಕ್ಕಿ, ಉದ್ದು, ಉಪ್ಪು."

"ಉಪ್ಪು ಹಾಕಿದರೆ ಬಾಂಬ್ ತರಹ ಒಡೀತದಾ? ಇವತ್ತು ಕೈ ಹೋಯಿತು. ನಾಳೆ ಕಣ್ಣು ಹೋದರೆ?"

ಜ್ಯೋತಿ ಕಾಕೂ ತಿರುಗಿ ಹೋದರು. ಸ್ವಲ್ಪ ಹೊತ್ತಿನಲ್ಲಿ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಅವರ ಮೆಸೇಜ್ ಬಂತು. 'ವಿನೋದಾ ಅವರ ಹಿಟ್ಟು ಯಾರೂ ತಗೋಬೇಡಿ. ಅದರಲ್ಲಿ ಸೋಡಾ ಹಾಕ್ತಾರೆ.' ಅಮ್ಮ ಅದನ್ನು ಓದಿ ಫೋನನ್ನು ಮಗುಚಿ ಇಟ್ಟಳು.

"ಒಂಬತ್ತು ವರ್ಷದಿಂದ ಕೊಡ್ತಾ ಇದ್ದೇನೆ," ಎಂದಳು, ಗ್ರೈಂಡರಿಗೆ ಹೇಳುವವಳ ಹಾಗೆ. "ಒಂದು ಚಿಟಿಕೆ ಸೋಡಾ ಹಾಕಿದವಳಲ್ಲ."

ಪ್ರಣೀತಾಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಆ ಬಾಟಲಿ ಕೊಟ್ಟು ಬಂದವಳು ಅವಳೇ. ಆಜಿಗೆ ಪ್ಲಾಸ್ಟಿಕ್ ಆಗುವುದಿಲ್ಲ, ತಮ್ಮದೇ ಗಾಜಿನ ಬಾಟಲಿ ಕಳಿಸುತ್ತಿದ್ದರು. "ಮುಚ್ಚಳ ಸುಮ್ಮನೆ ಇಟ್ಟಿರು, ತಿರುಗಿಸಬೇಡ ಆಯ್ತಾ," ಎಂದು ಅಮ್ಮ ಪ್ರತಿ ಸಲ ಹೇಳುವುದು. ಆದರೆ ಹೋದ ವಾರ ಹಿಟ್ಟು ಚೆಲ್ಲಿ, ಡೋರ್‌ಮ್ಯಾಟ್ ಹಾಳಾಯಿತೆಂದು ಜ್ಯೋತಿ ಕಾಕೂ ಬೈದಿದ್ದರು. ಅದಕ್ಕೇ ಇವತ್ತು ಫ್ರಾಕಿನ ಅಂಚಿನಿಂದ ಹಿಡಿದು ಗಟ್ಟಿಯಾಗಿ ತಿರುಗಿಸಿದ್ದಳು. ಸಾಲದೆಂದು ಇನ್ನೊಂದು ಸುತ್ತು. ಸಂಜೆಗೇ ಇಡ್ಲಿ ಮಾಡುವುದೆಂದು ಆಜಿ ಬಾಟಲಿಯನ್ನು ಫ್ರಿಜ್ಜಿಗೆ ಹಾಕದೆ ಕಿಟಕಿಯ ಬಳಿ ಅಡುಗೆಕಟ್ಟೆಯ ಮೇಲೆ ಇಟ್ಟಿದ್ದರು. ಮೇ ತಿಂಗಳ ಬಿಸಿಲು.

ಬರೀ ಮುಚ್ಚಳದಿಂದ ಬಾಟಲಿ ಒಡೆಯುತ್ತದಾ? ಬೆಂಕಿಯೇ ಇಲ್ಲದೆ? ಇರಲಾರದು ಎಂದುಕೊಂಡಳು. ಇರಬಾರದು ಎಂದೂ ಅವಳ ಮನಸ್ಸಿನಲ್ಲಿತ್ತು.

ಮರುದಿನ ಬೆಳಿಗ್ಗೆ ನೀರಿನ ಎರಡು ಹಳೆ ಪ್ಲಾಸ್ಟಿಕ್ ಬಾಟಲಿಗಳಿಗೆ ಹಿಟ್ಟು ಸುರಿದಳು. ಒಂದರ ಮುಚ್ಚಳ ಸಡಿಲ, ಇನ್ನೊಂದರದು ಬಿಗಿ. ಎರಡನ್ನೂ ಬಾಲ್ಕನಿಯ ಬಿಸಿಲಲ್ಲಿ ಬಕೆಟಿನೊಳಗೆ ಇಟ್ಟಳು. ಎರಡರಲ್ಲೂ ಒಂದೇ ಥರ ಆಗಲಿ ದೇವರೇ ಎಂದು ಮನಸ್ಸಿನಲ್ಲೇ ಕೇಳಿಕೊಂಡಳು.

ಮಧ್ಯಾಹ್ನ ನೋಡಿದರೆ ಸಡಿಲ ಬಾಟಲಿಯಲ್ಲಿ ಹಿಟ್ಟು ಉಬ್ಬಿ, ಬಾಯಿಯ ಹತ್ತಿರ ಗುಳ್ಳೆ. ಬಿಗಿ ಬಾಟಲಿ ಕಲ್ಲಿನಂತೆ ಗಟ್ಟಿ. ಅದರ ತಳ ಹೊರಗೆ ಉಬ್ಬಿ, ನಿಲ್ಲಲಾರದೆ ವಾಲಿತ್ತು.

"ಮುಟ್ಟಬೇಡ," ಎಂದಿತು ಹಿಂದಿನಿಂದ ಅಮ್ಮನ ದನಿ.

ಅಮ್ಮ ಒದ್ದೆ ಟವೆಲ್ ಸುತ್ತಿ, ಮುಖ ದೂರ ಹಿಡಿದು, ಮುಚ್ಚಳವನ್ನು ಇಷ್ಟಿಷ್ಟೇ ಬಿಚ್ಚಿದಳು. ಸುಸ್ಸ್ ಎಂದು ಬಹಳ ಹೊತ್ತು ಗಾಳಿ ಹೋಯಿತು.

"ಹಿಟ್ಟು ಹುದುಗು ಬರುವಾಗ ಉಸಿರು ಬಿಡ್ತದೆ ಮಗಾ. ನನ್ನ ಅಜ್ಜಿ ಹೇಳ್ತಿದ್ದದ್ದು."

"ಉಸಿರಲ್ಲ ಅಮ್ಮ, ಗ್ಯಾಸ್. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇರ್ತವೆ. ಹಿಟ್ಟು ತಿಂದು ಗ್ಯಾಸ್ ಬಿಡ್ತವೆ. ಸೈನ್ಸ್ ಬುಕ್ಕಲ್ಲಿ ಉಂಟು." ಅಷ್ಟು ಹೇಳುವಾಗಲೇ ಅವಳ ದನಿ ಸಣ್ಣದಾಯಿತು. "ಗ್ಯಾಸಿಗೆ ಜಾಗ ಬೇಕು. ಇಲ್ಲದಿದ್ದರೆ ಎಲ್ಲ ಕಡೆ ದೂಡ್ತದೆ. ಪ್ಲಾಸ್ಟಿಕ್ ಉಬ್ಬುತ್ತದೆ. ಗಾಜಿಗೆ ಉಬ್ಬಲಿಕ್ಕೆ ಬರೂದಿಲ್ಲ."

ಅಮ್ಮ ಅವಳ ಮುಖವನ್ನೇ ನೋಡಿದಳು.

"ನೀನು ಬಿಗಿ ಮಾಡಿದ್ದಾ?"

"ಒಂದು ಸುತ್ತು. ಜಾಸ್ತಿ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಾನು ಗ್ರೂಪಿನಲ್ಲಿ ಹಾಕ್ತೇನೆ," ಎಂದು ಫೋನ್ ಎತ್ತಿಕೊಂಡಳು.

"ಬೇಡ. ನಾನೇ ಆಜಿ ಹತ್ತಿರ ಹೇಳ್ತೇನೆ."

"ನಾನು ಬರಲಾ?"

"ಬೇಡ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಬಾಗಿಲವರೆಗೆ ಬಾ."

ಆಜಿ ಮಂಚದ ಮೇಲೆ ಕೂತಿದ್ದರು. ಪ್ಲಾಸ್ಟರಿನ ಕೈ ದಿಂಬಿನ ಮೇಲಿತ್ತು. ಜ್ಯೋತಿ ಕಾಕೂ ಬಟ್ಟೆ ಮಡಚುತ್ತಿದ್ದರು. ಪ್ರಣೀತಾ ನಿಂತಲ್ಲೇ, ನಿಲ್ಲಿಸಿದರೆ ಅಳು ಬರಬಹುದೆಂದು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಡೋರ್‌ಮ್ಯಾಟ್, ಫ್ರಾಕಿನ ಅಂಚು, ಎರಡು ಬಾಟಲಿ, ಗ್ಯಾಸ್. "ಅಮ್ಮ ಸೋಡಾ ಹಾಕಲಿಲ್ಲ. ನಾನು ಮುಚ್ಚಳ ಬಿಗಿ ಮಾಡಿದ್ದು. ಸಾರಿ ಆಜಿ."

ಜ್ಯೋತಿ ಕಾಕೂ ಮಡಚುವುದನ್ನು ನಿಲ್ಲಿಸಿದರು.

ಆಜಿ ಕೇಳಿದ್ದು ಕೈಯ ಬಗ್ಗೆ ಅಲ್ಲ. "ಹಾಗಾದರೆ ಆವತ್ತು ಕಂಪನಿಯಲ್ಲಿ ಆದದ್ದೂ ಇದೇನಾ?"

ಪ್ರಣೀತಾ ಯೋಚಿಸಿದಳು. "ಇರಬಹುದು ಆಜಿ. ಅಲ್ಲಿ ಹಿಟ್ಟಲ್ಲ, ಕೆಮಿಕಲ್. ತುಂಬಾ ಬಿಸಿಯಾದರೆ ಗ್ಯಾಸ್ ಬೇಗ ಬೇಗ ಆಗ್ತದೆ. ಇಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆದದ್ದು ಅಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಆಗ್ತದೆ. ಅದು ಒಮ್ಮೆಲೇ ಹೊರಗೆ ಬಂದು ಗಾಳಿಯನ್ನು ದೂಡ್ತದೆ. ಆ ಗಾಳಿ ಮುಂದಿನ ಗಾಳಿಯನ್ನು. ಹಾಗೆ ಬಂದು ನಿಮ್ಮ ಕಿಟಕಿಗೆ ಗುದ್ದಿದ್ದು."

"ಗಾಳಿಯಾ?"

"ಹೂಂ. ಬರೀ ಗಾಳಿ."

ಆಜಿ ಒಮ್ಮೆ ಮಂಚದ ಅಡಿ ನೋಡಿದರು, ಒಮ್ಮೆ ಕಪಾಟಿನ ಕಡೆ.

"ಏನೋ ಹಾರಿ ಬಂದು ಹೊಡೆಯಿತು ಅಂದುಕೊಂಡಿದ್ದೆ," ಎಂದರು. "ಕಲ್ಲಾ, ಕಬ್ಬಿಣವಾ ಅಂತ ಮಂಚದ ಅಡಿ, ಕಪಾಟಿನ ಹಿಂದೆ ಎಲ್ಲ ಹುಡುಕಿದೆ. ಗುಡಿಸುವಾಗೆಲ್ಲ ಹುಡುಕಿದೆ. ಎರಡು ವರ್ಷ. ಏನೂ ಸಿಗಲಿಲ್ಲ."

"ಆಯೀ, ನಮಗೆ ಹೇಳಲೇ ಇಲ್ಲವಲ್ಲ," ಎಂದರು ಜ್ಯೋತಿ ಕಾಕೂ.

"ಕೇಳಿದರೆ ನಗ್ತಿದ್ದಿರಿ." ಆಜಿ ಪ್ರಣೀತಾಳ ಕಡೆ ತಿರುಗಿದರು. "ಅಲ್ಲಿ ಬಿಗಿ ಮಾಡಿದ್ದು ಯಾರು?"

"ಗೊತ್ತಿಲ್ಲ ಆಜಿ."

"ಅವರು ಯಾರೂ ಬರಲಿಲ್ಲ ನೋಡು. ಹೀಗಾಯಿತು ಅಂತ ಹೇಳಲಿಕ್ಕೆ."

ಆಜಿ ನೋಡುತ್ತಿದ್ದದ್ದು ಪ್ಲಾಸ್ಟರಿನ ಕೈಯನ್ನಲ್ಲ, ಕಿಟಕಿಯ ಹೊಸ ಗಾಜನ್ನು. ಅವರಿಗೆ ಕೋಪ ಬರುತ್ತದೆಂದು ಹೆದರಿಕೊಂಡು ಬಂದಿದ್ದಳು ಪ್ರಣೀತಾ. ಈಗ ಸುಮ್ಮನೆ ಹೋಗಿ ಆಜಿಯ ಪಕ್ಕದಲ್ಲಿ ಕೂತಳು.

ಜ್ಯೋತಿ ಕಾಕೂ ಫೋನ್ ತೆಗೆದು ಗ್ರೂಪಿಗೆ ಏನೋ ಟೈಪ್ ಮಾಡುತ್ತಾ ಬಾಗಿಲ ಕಡೆ ನೋಡಿದರು. "ವಿನೋದಾ ವಹಿನಿ, ಹೊರಗೆ ಯಾಕೆ ನಿಂತಿದ್ದೀರಿ? ಒಳಗೆ ಬನ್ನಿ."

ಆ ಕಾರ್ಖಾನೆಯೊಳಗೆ ಅಂದು ಏನು ತುಂಬಿತ್ತು, ಅದು ಹೊರಗೆ ಹೋಗುವ ದಾರಿ ಹೇಗೆ ಮುಚ್ಚಿತು ಎಂದು ನಾನೂ ಕೆಲವರಲ್ಲಿ ಕೇಳಿ ನೋಡಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ನನಗೆ ಇನ್ನೂ ಗೊತ್ತಾಗಿಲ್ಲ.