ಗುರುವಾರ ಹನ್ನೊಂದಕ್ಕೆ ಪೆಂಗ್ವಿನ್

ಅಕ್ಕನ ಆಸ್ಪತ್ರೆಯ ಪ್ರಿಂಟರ್ ಸತತ ಐದನೇ ಗುರುವಾರವೂ ಕೈಕೊಟ್ಟಿತು.

ಹದಿನಾರು ವರ್ಷಗಳಿಂದ ಲಿನಕ್ಸ್ ಬಳಸುತ್ತಿರುವ ನನಗೆ ಇದು ಸಣ್ಣ ಅವಮಾನವಲ್ಲ. ನಾನು ಕಂಪ್ಯೂಟರ್ ಓದಿದವನಲ್ಲ, ಕನ್ನಡಕದ ಅಂಗಡಿ ಇಟ್ಟವನು. ಹಿಂದೊಮ್ಮೆ ದುಡ್ಡು ಕೊಟ್ಟು ಕೊಂಡಿದ್ದ ಸಿಸ್ಟಮ್ಮು ನನ್ನ ಕಂಪ್ಯೂಟರಿಗೆ ವಯಸ್ಸಾಯಿತು, ಹೊಸದು ತೊಗೋ ಎಂದು ಹಟ ಹಿಡಿದಾಗ, ಗಿರಾಕಿಯೊಬ್ಬರು ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ಮಿನ ಸಿ.ಡಿ. ಕೊಟ್ಟು ಹೋದರು. ಸತ್ತೇ ಹೋಯಿತು ಅಂದುಕೊಂಡಿದ್ದ ಆ ಕಂಪ್ಯೂಟರ್ ಆಮೇಲೆ ಒಂಬತ್ತು ವರ್ಷ ಓಡಿತು.

ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ನನ್ನದು ಒಂದೇ ಭಾಷಣ. ಇದರಲ್ಲಿ ಮುಚ್ಚುಮರೆ ಇಲ್ಲ. ಒಳಗೆ ಏನಿದೆ ಅಂತ ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಅಪ್‌ಡೇಟ್ ಮಾಡಲೇ ಅಂತ ಇದು ನನ್ನನ್ನು ಕೇಳುತ್ತದೆ, ಅಪ್ಪಣೆ ಕೊಡಿಸುವುದಿಲ್ಲ. ಕುಂದೇ ಇಲ್ಲವೆಂದಲ್ಲ. ಮೊದಮೊದಲು ಸೌಂಡ್ ಬಂದರೆ ವೈಫೈ ಇಲ್ಲ, ವೈಫೈ ಬಂದರೆ ಸೌಂಡ್ ಇಲ್ಲ. ಮೂರು ವರ್ಷದಲ್ಲಿ ಏಳು ಬಗೆಯ ಲಿನಕ್ಸ್ ಬದಲಾಯಿಸಿ ಎಂಟನೆಯದರಲ್ಲಿ ನೆಲೆನಿಂತೆ. ಆದರೆ ಇದನ್ನೆಲ್ಲ ಹೊರಗಿನವರ ಮುಂದೆ ಒಮ್ಮೆಯೂ ಒಪ್ಪಿಕೊಂಡವನಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

"ಏಳು ಸಿಸ್ಟಮ್ ಬದಲಾಯಿಸೋಕೆ ಪುರುಸೊತ್ತಿತ್ತು, ಒಂದು ಹುಡುಗಿ ಹತ್ರ ನೆಟ್ಟಗೆ ಮಾತಾಡೋಕೆ ಆಗ್ಲಿಲ್ಲ ನೋಡು" ಎನ್ನುವುದು ಅಕ್ಕನ ಭಾಷಣ. ಅವಳು ಪ್ರಾಣಿಗಳ ಡಾಕ್ಟರು. ಅವಳ ಆಸ್ಪತ್ರೆಗೆ ಕಾಡಿ ಬೇಡಿ ಲಿನಕ್ಸ್ ಹಾಕಿಕೊಟ್ಟವನು ನಾನೇ.

ಆ ದಿನ ನಾನು ಒಳಗೆ ಕಾಲಿಟ್ಟಾಗ ಅಕ್ಕ ಕಂಕುಳಲ್ಲಿ ಮೊಲ ಇಟ್ಟುಕೊಂಡೇ ಎದುರಾದಳು.

"ಲೋ, ಸೋಮವಾರ ಕಂಪನಿಯವರು ಬರ್ತಾರೆ. ಇದನ್ನೆಲ್ಲ ತೆಗೆಸಿ ಬೇರೆ ಹಾಕಿಸ್ತೀನಿ. ರಿಪೇರಿನೂ ಅವರದ್ದೇ. ನೀನು ಆರಾಮಾಗಿ ಅಂಗಡಿ ನೋಡ್ಕೋ."

"ಇವತ್ತೊಂದಿನ ಕೊಡಕ್ಕಾ. ಕಾರಣ ಹುಡುಕ್ತೀನಿ."

"ಹುಡುಕು. ಆದ್ರೆ ಯಾರಾದ್ರೂ ಬೇಕಂತ ಕಿತಾಪತಿ ಮಾಡಿದ್ದಾರೆ ಅಂತ ಗೊತ್ತಾದ್ರೆ, ಅವರು ಸಂಜೆವರೆಗೂ ಇಲ್ಲಿರಲ್ಲ. ಹೇಳಿದೀನಿ."

ನಿಜ ಹೇಳಬೇಕೆಂದರೆ ನಾನು ಆ ಒಂದು ದಿನ ಕೇಳಿದ್ದು ಲಿನಕ್ಸ್‌ಗಾಗಿ ಅಲ್ಲ. ಸೋಮವಾರ ಕಳೆದರೆ ಇಲ್ಲಿಗೆ ಬರಲು ನನಗೊಂದು ನೆಪವೇ ಉಳಿಯುವುದಿಲ್ಲ.

ಕೌಂಟರಿನಲ್ಲಿ ಅವಳಿದ್ದಳು. ಎಂಟು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವಳು. ಕೂದಲಿಗೊಂದು ಪೆನ್ನು ಸಿಕ್ಕಿಸಿಕೊಂಡು, ಅದನ್ನೇ ಮೇಜಿನ ಮೇಲೆಲ್ಲ ಹುಡುಕುವವಳು. ಅವಳ ಕನ್ನಡಕ ಜಾರುತ್ತದೆ. ಕೈಗೆಲ್ಲ ಬೆಕ್ಕಿನ ಕೂದಲು ಮೆತ್ತಿರುವುದರಿಂದ ಮುಂಗೈಯಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಾಳೆ. ಎರಡು ಸ್ಕ್ರೂ ಬಿಗಿ ಮಾಡಿದರೆ ಸಾಕು. ಅದನ್ನು ಹೇಳಬೇಕೆಂದು ಎಂಟು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ.

ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಸ್ಟಿಕರ್ ಅಂಟಿಸಿದ ನನ್ನ ಚೀಲವನ್ನು ಕೌಂಟರಿನ ಮೇಲಿಟ್ಟೆ.

"ಇವತ್ತೇನಾಯ್ತು?"

"ನಂಗೇನ್ ಗೊತ್ತು ಸರ್? ಮೌಸ್ ಹಿಡಿಯೋದು ಬಿಟ್ಟು ಇನ್ನೇನೂ ಬರಲ್ಲ."

ತುಟಿ ಗಂಭೀರವಾಗಿತ್ತು, ಕಣ್ಣು ನಗುತ್ತಿತ್ತು. ನನ್ನ ಸಿಸ್ಟಮ್ ನೋಡಿ ನಗುತ್ತಿದ್ದಾಳೆ ಅಂದುಕೊಂಡು ಬೆವೆತೆ. ಪರದೆಯ ಮೇಲೆ ಅಂದಿನ ಪಟ್ಟಿ ಇತ್ತು. ಹತ್ತೂವರೆಗೆ ಮಿಂಚು ಎಂಬ ಬೆಕ್ಕು, ಕಿವಿ ತುರಿಕೆ. ಹನ್ನೊಂದಕ್ಕೆ ಪೆಂಗ್ವಿನ್. ತೊಂದರೆ ಏನು ಎಂಬ ಜಾಗ ಖಾಲಿ.

"ಪೆಂಗ್ವಿನ್ ಅಂತ ಹೆಸರಿಟ್ಟಿದ್ದಾರಾ? ನಾಯಿಗಾ, ಬೆಕ್ಕಿಗಾ?"

"ಅದೇ ಗೊತ್ತಾಗ್ತಿಲ್ಲ ಸರ್. ಗುರುವಾರ ಗುರುವಾರ ಬರುತ್ತೆ. ಏನ್ ಮಾಡಿದ್ರೂ ಬಾಯಿ ಬಿಡಲ್ಲ. ನೋಡಿ ಕಳಿಸ್ತೀವಿ."

"ಪಾಪ."

"ಹೂಂ, ಪಾಪಾನೇ."

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಪ್ರಿಂಟರಿಗೆ ಏನೂ ಆಗಿರಲಿಲ್ಲ, ಅದನ್ನು ನಡೆಸುವ ಪ್ರೋಗ್ರಾಮ್ ನಿಂತಿತ್ತು. ಹಿಂದಿನ ನಾಲ್ಕು ಸಲ ತಾನಾಗಿ ನಿಂತಿತೆಂದುಕೊಂಡು ಮತ್ತೆ ಶುರುಮಾಡಿ ಹೋಗಿದ್ದೆ. ಈ ಸಲ, ಟೈಪ್ ಮಾಡಿದ ಕಮಾಂಡುಗಳೆಲ್ಲ ದಾಖಲಾಗುವ ಹಿಸ್ಟರಿ ತೆರೆದೆ. ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಹಿಸ್ಟರಿ ತಾನಾಗಿ ಅಳಿಸಿಹೋಗುವುದಿಲ್ಲ. ಅಳಿಸಲು ತಿಳಿದಿರಬೇಕು. ಮೌಸ್ ಮಾತ್ರ ಹಿಡಿಯಲು ಬರುವವರಿಗೆ ಅದು ಹೇಗೆ ತಿಳಿಯಿತು? ನನಗೆ ತಲೆಬುಡ ಅರ್ಥವಾಗಲಿಲ್ಲ.

ಆದರೆ ಲಿನಕ್ಸ್ ಇನ್ನೊಂದು ಡೈರಿಯನ್ನೂ ಬರೆಯುತ್ತದೆ. ಪಾಸ್‌ವರ್ಡ್ ಕೊಟ್ಟು ಯಾರು ಏನನ್ನು ನಿಲ್ಲಿಸಿದರು, ಎಷ್ಟು ಗಂಟೆಗೆ ನಿಲ್ಲಿಸಿದರು, ಎಲ್ಲ ಅದರಲ್ಲಿರುತ್ತದೆ. ತೆರೆದು ನೋಡಿದೆ. ಐದು ಗುರುವಾರ, ಐದು ಸಾಲು. ಪ್ರತಿಸಲವೂ ಹತ್ತು ಇಪ್ಪತ್ತಕ್ಕೆ, ಇದೇ ಕೌಂಟರಿನಿಂದ. ಬೇರೆ ಒಂದು ಫೈಲನ್ನೂ ಮುಟ್ಟಿಲ್ಲ. ತುರ್ತಿಗಿರಲಿ ಎಂದು ಪಾಸ್‌ವರ್ಡನ್ನೂ ಹತ್ತು ಕಮಾಂಡುಗಳನ್ನೂ ಪುಟ್ಟ ಪುಸ್ತಕದಲ್ಲಿ ಬರೆದು ಅವಳಿಗೆ ಕೊಟ್ಟವನು ನಾನೇ.

ಅಂದರೆ ನಿಲ್ಲಿಸಿದವಳು ಅವಳೇ. ಯಾಕೆ? ಎಷ್ಟು ಯೋಚಿಸಿದರೂ ಒಂದೇ ಉತ್ತರ ಹೊಳೆಯಿತು. ಅವಳಿಗೆ ಈ ಸಿಸ್ಟಮ್ ಬೇಡ. ಎಂಟು ತಿಂಗಳು ನನ್ನ ಭಾಷಣಗಳನ್ನು ಹಲ್ಲು ಕಚ್ಚಿ ಕೇಳಿದ್ದಾಳೆ. ಅವಳ ನಗುವನ್ನು ನಾನು ಮನೆಗೆ ಹೊತ್ತುಕೊಂಡು ಹೋಗಿ ಏನೇನೋ ಕಟ್ಟಿಕೊಂಡಿದ್ದೆ. ತುಂಬಾ ನೋವಾಯಿತು.

"ಏನಪ್ಪಾ, ಸಿಕ್ತಾ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು.

ನಿಜ ಹೇಳಿದರೆ ಹದಿನಾರು ವರ್ಷದ ಮಾನ ಉಳಿಯುತ್ತದೆ, ಅವಳ ಕೆಲಸ ಹೋಗುತ್ತದೆ. ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಒರೆಸುತ್ತಿದ್ದ ಅವಳ ಕೈ ನಿಂತುಬಿಟ್ಟಿತ್ತು. ನಾನು ಡೈರಿಯನ್ನು ಮುಚ್ಚಿದೆ.

"ಸಿಕ್ತು. ತಪ್ಪು ಸಿಸ್ಟಮ್ಮಿಂದೇ ಅಕ್ಕಾ. ಲಿನಕ್ಸ್‌ಗೂ ಈ ಪ್ರಿಂಟರಿಗೂ ಆಗಿಬರಲ್ಲ. ತೆಗೆಸಿಬಿಡು."

ಅಕ್ಕ ಹತ್ತಿರ ಬಂದು ನನ್ನ ಹಣೆ ಮುಟ್ಟಿದಳು. "ಜ್ವರ ಏನಾದ್ರೂ ಬಂದಿದ್ಯೇನೋ?"

"ಇಲ್ಲ."

ಅಕ್ಕ ನನ್ನನ್ನೂ ಕೌಂಟರನ್ನೂ ಒಮ್ಮೆ ನೋಡಿ ಒಳಗೆ ಹೋದಳು. ನಾನು ಪ್ರಿಂಟರ್ ಶುರುಮಾಡಿ, ಚೀಲವನ್ನೂ ಮರೆತು ಹೊರಬಂದೆ. ಮೆಟ್ಟಿಲ ಹತ್ತಿರ ಅವಳು ಓಡಿಬಂದು ಅಡ್ಡ ನಿಂತಳು.

"ಯಾಕೆ ಸರ್ ಸುಳ್ಳು ಹೇಳಿದ್ರಿ? ಅದೂ ಲಿನಕ್ಸ್ ಮೇಲೆ! ಒಂದ್ಸಲ ಇದು ಸ್ವಲ್ಪ ನಿಧಾನ ಅಂದಿದ್ದಕ್ಕೆ ಎರಡು ವಾರ ಮುಖ ಊದಿಸ್ಕೊಂಡಿದ್ದೋರು ನೀವು."

"ಹಿಸ್ಟರಿ ಅಳಿಸಿದ್ರಿ. ಆದ್ರೆ ಅದು ಇನ್ನೊಂದು ಕಡೆನೂ ಬರ್ಕೊಳ್ಳುತ್ತೆ."

"ಅಯ್ಯೋ ದೇವ್ರೇ." ಅವಳು ಮೆಟ್ಟಿಲ ಮೇಲೆ ಕುಸಿದಳು.

"ಈ ಸಿಸ್ಟಮ್ ಇಷ್ಟ ಇಲ್ಲ ಅಂತ ನೇರವಾಗೇ ಹೇಳಬಹುದಿತ್ತು. ನಾನೇ ತೆಗೀತಿದ್ದೆ."

"ಇಷ್ಟ ಇಲ್ಲ ಅಂತ ಯಾರ್ ಹೇಳಿದ್ರು?"

"ಮತ್ತೆ ಯಾಕೆ...?"

ಅವಳು ಕತ್ತೆತ್ತಿ ದಿಟ್ಟಿಸಿದಳು. "ನಿಮ್ಮ ಅಂಗಡಿಗೆ ರಜೆ ಯಾವತ್ತು?"

"ಗುರುವಾರ."

"ಪ್ರಿಂಟರ್ ಕೆಡೋದು?"

"ಗುರುವಾರ." ನಾನು ಸ್ವಲ್ಪ ಯೋಚಿಸಿದೆ. "ಹಾಗಾದ್ರೆ ಬೇರೆ ದಿನ ಯಾಕೆ ಕೆಡಿಸ್ತಿರಲಿಲ್ಲ?"

ಅವಳು ಎರಡೂ ಕೈಯಿಂದ ಹಣೆ ಹಿಡಿದುಕೊಂಡಳು. "ಬೇರೆ ದಿನ ಆದ್ರೆ ಫೋನಲ್ಲೇ ಹೇಳಿಕೊಟ್ಟು ಮುಗಿಸ್ತೀರಲ್ರೀ! ಮುಚ್ಚುಮರೆ ಇಲ್ಲ, ಮುಚ್ಚುಮರೆ ಇಲ್ಲ ಅಂತ ಎಂಟು ತಿಂಗಳಿಂದ ಕೇಳ್ತಿದೀನಿ. ಎಲ್ಲಾ ಕಂಪ್ಯೂಟರಿನ ವಿಷಯ. ನಿಮ್ಮ ವಿಷಯ ಒಂದು ಮಾತು ಈಚೆ ಬರಲಿಲ್ಲ. ನಾನಾದ್ರೂ ಎಷ್ಟು ಸಲ ಅಂತ ಪ್ರಿಂಟರ್ ಕೆಡಿಸ್ಲಿ?"

ಕಿವಿ ಬಿಸಿಯಾಯಿತು. ಗೊಂದಲ ಪೂರ್ತಿ ಹೋಗಿರಲಿಲ್ಲ, ಆದರೆ ಈಗ ಅದು ಸುಖವಾಗಿತ್ತು. "ನಂಗೆ ನೀವಂದ್ರೆ ಇಷ್ಟ" ಎಂದೆ. "ಬಹಳ ದಿನದಿಂದ. ನಿಮ್ಮ ಕನ್ನಡಕ ಜಾರುತ್ತೆ, ಅದನ್ನೇ ಹೇಳೋಕಾಗಿಲ್ಲ."

ಅವಳು ನಕ್ಕಳು, ಕಣ್ಣೊರೆಸಿಕೊಂಡಳು, ಎದ್ದಳು. "ಡಾಕ್ಟರ ಹತ್ರ ಹೇಳಿ ಬರ್ತೀನಿ."

"ಬೇಡ ರೀ! ಕೆಲಸ ಹೋಗುತ್ತೆ."

"ನೀವು ಲಿನಕ್ಸನ್ನೇ ಬಿಟ್ಟುಕೊಟ್ರಿ. ನಾನು ಸುಮ್ನಿದ್ರೆ ಚೆನ್ನಾಗಿರುತ್ತಾ?"

ಒಳಗಿನಿಂದ ಅಕ್ಕನ ಏರಿದ ದನಿ ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ತಡೆಯಲಾರದೆ ಒಳಗೆ ಹೋದೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನಿನ್ನ ಸಿಸ್ಟಮ್ ಉಳೀತು ಕಣೋ. ಕಂಪನಿಯವರಿಗೆ ಬೇಡ ಅಂತ ಹೇಳ್ತೀನಿ. ಆದ್ರೆ ನಾನು ಆಡಿದ ಮಾತು ಆಡಿದ್ದೇ. ಕಿತಾಪತಿ ಮಾಡಿದವರು ಸಂಜೆವರೆಗೂ ಇಲ್ಲಿರೋ ಹಾಗಿಲ್ಲ."

"ಅಕ್ಕಾ, ದಯವಿಟ್ಟು..."

"ಅದಕ್ಕೇ ಮೂರು ಗಂಟೆಗೇ ಕಳಿಸ್ತಿದೀನಿ. ಎಲ್ಲಾದ್ರೂ ಕರ್ಕೊಂಡು ಹೋಗು. ನಾಳೆ ಬೆಳಗ್ಗೆ ಒಂಬತ್ತಕ್ಕೆ ಅವಳು ಇಲ್ಲಿರಬೇಕು." ಅಷ್ಟು ಹೇಳಿ ಅಕ್ಕ ಮೊಲದ ಕಡೆ ತಿರುಗಿದಳು.

ಕೌಂಟರಿನಲ್ಲಿ ಅವಳು ಆಗಲೇ ಮುಂದಿನ ಗುರುವಾರದ ಪಟ್ಟಿ ತೆರೆದು ಟೈಪ್ ಮಾಡುತ್ತಿದ್ದಳು. ಹನ್ನೊಂದಕ್ಕೆ ಪೆಂಗ್ವಿನ್. ತೊಂದರೆ: ಏನೂ ಇಲ್ಲ, ಸುಮ್ಮನೆ ಬರುವುದು.

ನಾನು ಪರದೆ ನೋಡಿದೆ. ಪಕ್ಕದಲ್ಲಿ ಬಿದ್ದಿದ್ದ ನನ್ನ ಚೀಲ ನೋಡಿದೆ. ಅದರ ಮೇಲಿನ ಸ್ಟಿಕರ್ ನೋಡಿದೆ.

"ಅಂದ್ರೆ... ಈ ಪೆಂಗ್ವಿನ್ನು..."

"ಪಾಪ" ಎಂದು ಅವಳು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು.