ಮೂರನೆಯ ಹೆಲ್ಮೆಟ್

ರಸ್ತೆಯ ಮೇಲೆ ಉರುಳಿದ್ದ ಹೆಲ್ಮೆಟ್ಟಿನೊಳಗಿಂದ ಹೆಂಗಸೊಬ್ಬರ ದನಿ ಬರುತ್ತಿತ್ತು.

ಸಬ್ ಇನ್‌ಸ್ಪೆಕ್ಟರ್ ಅನಸೂಯಾ ಮೊಣಕಾಲೂರಿ ಕೂತು ಅದನ್ನು ಎತ್ತಿಕೊಂಡಳು. ಎಡಬದಿಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಕಪ್ಪು ಇಂಟರ್‌ಕಾಮ್ ಸೆಟ್. ಅದರ ನೀಲಿ ದೀಪ ಇನ್ನೂ ಮಿನುಗುತ್ತಿತ್ತು. ಕಿವಿಗೆ ಹಿಡಿದಳು. "ಇಂಚರಾ, ಮಾತಾಡೇ. ಇಂಚರಾ." ಅತ್ತು ಅತ್ತು ಒಣಗಿದ ದನಿ.

ಪಕ್ಕದಲ್ಲಿ ಬಿದ್ದಿದ್ದ ಬ್ಯಾಗಿನಲ್ಲಿ ಫೋನಿತ್ತು. ಪರದೆಯ ಮೇಲೆ 'ಅಮ್ಮ'. ಕರೆ ಶುರುವಾಗಿ ಇಪ್ಪತ್ತೆರಡು ನಿಮಿಷ. ಅನಸೂಯಾ ಹೆಲ್ಮೆಟ್ಟಿನ ಮೈಕಿಗೇ ಬಾಯಿಟ್ಟು, ತಾನು ಪೊಲೀಸ್ ಅಧಿಕಾರಿ, ಮಗಳು ಬದುಕಿದ್ದಾಳೆ, ಕಲ್ಯಾಣದ ಆಸ್ಪತ್ರೆಗೆ ಒಯ್ದಿದ್ದಾರೆ ಎಂದು ಹೇಳಿದಳು. ಆ ಕಡೆಯವರು ಅಳಿಯನ ಬಗ್ಗೆ ಕೇಳಿದರು. ಅನಸೂಯಾಳ ಕಣ್ಣು ಟ್ಯಾಂಕರಿನ ಚಕ್ರದ ಬಳಿ ಹೊದಿಸಿದ್ದ ಬಿಳಿ ಬಟ್ಟೆಯತ್ತ ಹೋಯಿತು. ಅವನು ಉಳಿಯಲಿಲ್ಲ ಎಂದು ಹೇಳಿದಳು.

ಭಾನುವಾರ, ಬೆಳಗಿನ ಎಂಟು ಗಂಟೆ. ಮುಂಬಯಿ ಹತ್ತಿರದ ಕಲ್ಯಾಣದಿಂದ ಮುರಬಾಡಕ್ಕೆ ಹೋಗುವ ರಸ್ತೆಯ ಒಂದು ಕುರುಡು ತಿರುವು. ಸತ್ತವನು ತರುಣ್, ಮೈಸೂರಿನವನು, ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಎಂಜಿನಿಯರ್. ಬೈಕಿನಲ್ಲಿ ಅವನ ಹಿಂದೆ ಕೂತಿದ್ದವಳು ಹೆಂಡತಿ ಇಂಚರ.

ಟ್ಯಾಂಕರ್ ಚಾಲಕ ಅಂಬಾದಾಸನನ್ನು ಜನ ಆಗಲೇ ಹಿಡಿದು ಬಡಿದಿದ್ದರು. ರಾಯಚೂರು ಕಡೆಯವನು, ಠಾಣೆ ನಗರದ ಕೈಗಾರಿಕಾ ಪ್ರದೇಶವಾದ ವಾಗ್ಳೆ ಎಸ್ಟೇಟಿನ ಚಾಳಿನಲ್ಲಿ ಮನೆ. ಅನಸೂಯಾ ಹುಟ್ಟಿ ಬೆಳೆದದ್ದೂ ಅದೇ ವಾಗ್ಳೆ ಎಸ್ಟೇಟಿನಲ್ಲಿ. ಅವಳಪ್ಪ ಕಲಬುರಗಿಯಿಂದ ಬಂದು ಲೋಡಿಂಗ್ ಕೆಲಸ ಮಾಡಿದವನು. ಏನಾಯಿತೆಂದು ಅವಳು ಕನ್ನಡದಲ್ಲಿ ಕೇಳಿದಳು. ಅಂಬಾದಾಸ ಒಡೆದ ತುಟಿ ಒರೆಸಿಕೊಂಡ.

"ನಾ ನನ್ನ ಸೈಡಿನ್ಯಾಗೇ ಇದ್ದೆರಿ ಮೇಡಂ. ಇಟ್ಟಂಗಿ ತುಂಬಿದ ಟೆಂಪೊ ಎದುರಿಗೆ ಬರಾಕತ್ತಿತ್ತು. ಅದರ ಹಿಂದಿಂದ ಬೈಕು ಸರಕ್ಕನ ಹೊರಗ ಬಂತು. ಬ್ರೇಕ್ ಹಾಕಿದೆ, ನಿಲ್ಲಲಿಲ್ಲ. ಆ ಅಕ್ಕ ಬಿದ್ದಾಕಿ ಒಂದು ಸೊಲ್ಲೂ ಎತ್ತಲಿಲ್ಲ."

ಚಕ್ರದ ಗುರುತು ಅವನ ಮಾತಿಗೆ ಒಪ್ಪುತ್ತಿತ್ತು. ಆದರೂ ಅನಸೂಯಾಳಿಗೆ ಸಮಾಧಾನವಾಗಲಿಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡವನು, ಅದರಲ್ಲೂ ಸುರಕ್ಷತೆಯನ್ನೇ ಕೆಲಸ ಮಾಡಿಕೊಂಡವನು, ಎದುರು ಏನಿದೆ ಎಂದು ಕಾಣದ ತಿರುವಿನಲ್ಲಿ ಓವರ್‌ಟೇಕ್ ಮಾಡಿದ್ದೇಕೆ?

ರಸ್ತೆಬದಿಯ ಕಲ್ಲಿನ ಮೇಲೆ ಇನ್ನೊಬ್ಬ ಕೂತಿದ್ದ. ದಿಲೀಪ. ಅದೇ ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜ್, ತರುಣನ ಗೆಳೆಯ. ವಿಜಯಪುರದ ಕಡೆಯ ಮನೆತನ, ಬೆಳೆದದ್ದು ಕಲ್ಯಾಣದಲ್ಲಿ. ಮೂವರೂ ಮಾಳಶೇಜ್ ಘಾಟಿಗೆ ಸುತ್ತಾಟಕ್ಕೆಂದು ಹೊರಟಿದ್ದರಂತೆ. ತಾನು ಇನ್ನೊಂದು ಬೈಕಿನಲ್ಲಿ ಅರ್ಧ ಕಿಲೋಮೀಟರ್ ಮುಂದಿದ್ದೆ, ಇಂಚರ ಕಿರುಚಿದ್ದು ಕೇಳಿ ಹಿಂದಕ್ಕೆ ತಿರುಗಿಸಿ ಬಂದೆ, ಆಂಬುಲೆನ್ಸಿಗೆ ಫೋನ್ ಮಾಡಿದವನೂ ತಾನೇ ಎಂದ. ಅವನು ಹೇಳಿದ್ದನ್ನೆಲ್ಲ ಅನಸೂಯಾ ಬರೆದುಕೊಂಡು ಸಹಿ ಹಾಕಿಸಿಕೊಂಡಳು.

*

ಸಂಜೆಯ ಹೊತ್ತಿಗೆ ಅನುಮಾನಕ್ಕೆ ಹೊಸ ದಾರಿ ಸಿಕ್ಕಿತು. ಟ್ಯಾಂಕರ್ ಓಡುತ್ತಿದ್ದುದು ತರುಣ್ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಬಾಡಿಗೆಗೆ. ತಿಂಗಳ ಹಿಂದೆ ಅಲ್ಲಿ ವಿಷಾನಿಲ ಸೋರಿ ಕೂಲಿಯೊಬ್ಬನ ಎರಡೂ ಕಣ್ಣು ಹೋಗಿದ್ದವು. ತನಿಖೆ ನಡೆಸುತ್ತಿದ್ದವನು ತರುಣ್. ಕಾರ್ಖಾನೆಯವರು ಬೇಕೆಂದೇ ಗುದ್ದಿಸಿದ್ದಾರೆ ಎಂದು ಮೇಲಧಿಕಾರಿ ತೀರ್ಮಾನಕ್ಕೇ ಬಂದುಬಿಟ್ಟರು. ಚಾಲಕನನ್ನು ಬಿಗಿಯಾಗಿ ವಿಚಾರಿಸಿ, ಬಾಯಿ ಬಿಡುತ್ತಾನೆ ಎಂದರು.

ಠಾಣೆಯ ಮೆಟ್ಟಿಲ ಮೇಲೆ ಅಂಬಾದಾಸನ ಹೆಂಡತಿ ಮರಗಮ್ಮ ಡಬ್ಬಿ ಹಿಡಿದು ಕೂತಿದ್ದಳು. ಗಂಡನ ಮುಖ ನೋಡಬೇಕು ಎಂಬುದನ್ನು ಬಿಟ್ಟು ಅವಳು ಬೇರೇನೂ ಕೇಳಲಿಲ್ಲ.

ಅನಸೂಯಾ ಟ್ಯಾಂಕರಿನ ದಾರಿ ಹುಡುಕಿದಳು. ಮುರಬಾಡದಿಂದ ಆರಕ್ಕೆ ಹೊರಡಬೇಕಿದ್ದ ಗಾಡಿ ಪಂಕ್ಚರ್ ಆಗಿ ಮುಕ್ಕಾಲು ಗಂಟೆ ತಡವಾಗಿತ್ತು. ಪಂಕ್ಚರ್ ಅಂಗಡಿಯವನು ಸಾಕ್ಷಿ. ಇಂಥ ಹೊತ್ತಿಗೆ ಇಂಥ ತಿರುವಿನಲ್ಲಿ ಬೈಕು ಸಿಗುತ್ತದೆ ಎಂದು ಯಾರೂ ಲೆಕ್ಕ ಹಾಕಿರಲು ಸಾಧ್ಯವಿರಲಿಲ್ಲ. ಕೊಲೆಯ ಸಂಚಾಗಿದ್ದರೆ ಅದು ಟ್ಯಾಂಕರಿನಲ್ಲಿ ಕೂತಿರಲಿಲ್ಲ.

*

ಸೋಮವಾರ ಆಸ್ಪತ್ರೆಯಲ್ಲಿ ಇಂಚರಳ ತಾಯಿ ಸರಳಾ ಸಿಕ್ಕರು. ನವಿ ಮುಂಬಯಿಯ ನೆರುಳಿನಲ್ಲಿ ಇರುವವರು. ಮಗಳಿಗೆ ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ಸರಳಾ ಅವರಿಗೆ ಅಳಿಯನ ಮೇಲೆ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಅವನೇ ರಸ್ತೆ ಖಾಲಿ ಇದೆ ಎಂದು ನುಗ್ಗಿಸಿದ, ನಾನು ಕಿವಿಯಾರೆ ಕೇಳಿದೆ ಎಂದರು.

ಅನಸೂಯಾ ಪೆನ್ನು ಕೆಳಗಿಟ್ಟಳು. ಮೊದಲಿನಿಂದ ಹೇಳಿ ಅಂದಳು.

ಅವರು ಫೋನ್ ಮಾಡಿದ್ದರಂತೆ. ಎರಡು ಸಲ ರಿಂಗ್ ಆಗಿ ತಾನೇ ಎತ್ತಿಕೊಂಡಿತು. ಇವರು ಹಲೋ ಅನ್ನುವ ಮೊದಲೇ ಗಂಡಸಿನ ದನಿ. ಆಮೇಲೆ ಧಡಾರನೆ ಸದ್ದು. ಇವರು ಹೌಹಾರಿ ಕಿರುಚಿಕೊಂಡರು.

"ಆ ದನಿ ಏನಂತು? ನಿಮ್ಮ ಮಾತಿನಾಗ ಬ್ಯಾಡ. ಕೇಳಿದ್ದು ಕೇಳಿದಂಗ ಹೇಳ್ರಿ."

ಸರಳಾ ಕಣ್ಣು ಮುಚ್ಚಿದರು. "ಬಾರೋ... ಬಾರೋ, ಖಾಲಿ ಅದ."

"ಅದ ಅಂದ್ರಾ, ಇದೆ ಅಂದ್ರಾ?"

"ಅದ. ಹೌದು, ಅದ ಅಂತಲೇ ಅಂದದ್ದು." ಅವರು ಕಣ್ಣು ತೆರೆದರು. ಆ ಮಾತನ್ನು ಇನ್ನೊಮ್ಮೆ ತಮಗೆ ತಾವೇ ಹೇಳಿಕೊಂಡು ನೋಡಿದರು.

ಹಿಂದೆ ಕೂತ ಹೆಂಡತಿಗೆ ಯಾರೂ 'ಬಾರೋ' ಅನ್ನುವುದಿಲ್ಲ. ಮೈಸೂರಿನವನ ಬಾಯಲ್ಲಿ 'ಅದ' ಬರುವುದಿಲ್ಲ. ಮುಂದೆ ಹೋಗುತ್ತಿದ್ದ ಯಾರೋ ಹಿಂದಿನವನನ್ನು ಕರೆದಿದ್ದರು.

*

ಠಾಣೆ ನಗರದ ರೈಲು ನಿಲ್ದಾಣದ ಹತ್ತಿರ ಹೆಲ್ಮೆಟ್ ಅಂಗಡಿ ಇಟ್ಟುಕೊಂಡಿದ್ದ ವಸಂತಕುಮಾರ ಉಡುಪಿಯವನು. ಎರಡು ಹೆಲ್ಮೆಟ್ಟುಗಳನ್ನೂ ತಿರುಗಿಸಿ ನೋಡಿದ. ಸವಾರ, ಹಿಂದೆ ಕೂತವರು, ಜೊತೆಗೆ ಬರುವ ಬೇರೆ ಬೈಕಿನವರು, ಎಲ್ಲರೂ ಗಾಳಿಯ ಸದ್ದಿನ ನಡುವೆ ಕೂಗಾಡದೆ ಮಾತಾಡಲು ಇದನ್ನು ಹಾಕಿಸಿಕೊಳ್ಳುತ್ತಾರೆ, ಒಂದು ಕಿಲೋಮೀಟರ್ ತನಕ ಸಿಗ್ನಲ್ ಸಿಗುತ್ತದೆ ಎಂದ. ಈ ಸೆಟ್ಟುಗಳು ಅವನಿಗೆ ನೆನಪಿದ್ದವು. ತರುಣ್ ಒಯ್ದದ್ದು ಎರಡಲ್ಲ, ಮೂರು.

"ಫೋನ್ ಬಂದ್ರೆ ತನ್ನಷ್ಟಕ್ಕೆ ಎತ್ತುತ್ತದೆ ಮೇಡಂ. ಆ ಕಾಲ್ ಗ್ರೂಪಿಗೆ ಸೇರಿಕೊಳ್ತದೆ. ಫೋನ್ ಮಾಡಿದವರಿಗೆ ಇವರ ಮಾತು ಕೇಳ್ತದೆ, ಇವರಿಗೆಲ್ಲ ಅವರದ್ದು ಕೇಳ್ತದೆ."

ಅಪಘಾತದ ಹೊತ್ತಿಗೆ ಮೂರನೆಯ ಸೆಟ್ ಚಾಲೂ ಇತ್ತೇ ಎಂದು ಕೇಳಿದಳು. ಅದನ್ನು ಈ ಯಂತ್ರ ನೆನಪಿಡುವುದಿಲ್ಲ ಎಂದು ವಸಂತಕುಮಾರ ತಲೆಯಾಡಿಸಿದ.

ಅನಸೂಯಾ ದಿಲೀಪನಿಗೆ ಫೋನ್ ಮಾಡಿದಳು. ತನ್ನ ಸೆಟ್ಟಿನ ಬ್ಯಾಟರಿ ಸತ್ತಿತ್ತು, ಆವತ್ತು ಮನೆಯಲ್ಲೇ ಚಾರ್ಜಿಗೆ ಇಟ್ಟು ಬಂದಿದ್ದೆ ಎಂದ. ಉತ್ತರ ಒಂಚೂರೂ ತಡವಾಗಲಿಲ್ಲ.

*

ಮಂಗಳವಾರ ಇಂಚರಳಿಗೆ ಎಚ್ಚರವಾಯಿತು. ಕಲ್ಯಾಣ ದಾಟಿದ್ದು ನೆನಪಿತ್ತು, ಆಮೇಲಿನದು ಅಳಿಸಿಹೋಗಿತ್ತು. ತಲೆಗೆ ಬಿದ್ದ ಏಟಿಗೆ ಆ ಕ್ಷಣವೇ ಪ್ರಜ್ಞೆ ತಪ್ಪಿರಬೇಕು ಎಂದರು ವೈದ್ಯರು.

ಕಾರ್ಖಾನೆಯ ವಿಷಯ ಅವಳಿಗೆ ಅರ್ಧ ಗೊತ್ತಿತ್ತು. ಅನಿಲ ಸೋರಿದಾಗ ಅಲಾರಂ ಹೊಡೆದಿರಲಿಲ್ಲ. ಸುಮ್ಮಸುಮ್ಮನೆ ಹೊಡೆಯುತ್ತದೆ ಎಂದು ಯಾರೋ ಅದನ್ನು ಬಂದ್ ಮಾಡಿಸಿದ್ದರು. "ಅವನೇ ಬಾಯಿಬಿಟ್ಟು ಒಪ್ಪಿಕೊಳ್ಳಲಿ, ಸೋಮವಾರದವರೆಗೆ ಟೈಮ್ ಕೊಟ್ಟಿದ್ದೀನಿ ಅಂದಿದ್ರು," ಎಂದಳು ಇಂಚರ. "ಹೆಸರು ಹೇಳಲಿಲ್ಲ. ತುಂಬ ಬೇಜಾರಲ್ಲಿದ್ರು."

ಹೆಸರು ತರುಣನ ಲ್ಯಾಪ್‌ಟಾಪಿನಲ್ಲಿತ್ತು. ಬರೆದು ಕಳಿಸದೆ ಉಳಿಸಿಕೊಂಡಿದ್ದ ವರದಿಯ ಮೂರನೆಯ ಪುಟದಲ್ಲಿ. ದಿಲೀಪ.

ಅನಸೂಯಾ ಮತ್ತೆ ತಿರುವಿಗೆ ಹೋದಳು. ಅಲ್ಲೊಂದು ಚಹಾ ಅಂಗಡಿ. ಭಾನುವಾರ ಬೆಳಿಗ್ಗೆ ಅಲ್ಲಿದ್ದ ನಾಲ್ವರನ್ನು ಒಬ್ಬೊಬ್ಬರಾಗಿ ಕೇಳಿದಳು. ಬ್ರೇಕಿನ ಸದ್ದು ಕೇಳಿದೆವು, ಬಡಿದ ಸದ್ದು ಕೇಳಿದೆವು ಎಂದರು. ಹೆಣ್ಣಿನ ಚೀರಾಟ ಯಾರಿಗೂ ಕೇಳಿರಲಿಲ್ಲ.

*

ಬುಧವಾರ ಬೆಳಿಗ್ಗೆ ದಿಲೀಪ ಠಾಣೆಗೆ ಬಂದ, ಹೆಲ್ಮೆಟ್ ಸಮೇತ. ಅನಸೂಯಾ ಹೇಳಿ ಕಳಿಸಿದ್ದಳು. ಹೆಲ್ಮೆಟ್ಟಿನ ಎಡಬದಿಗೆ ಸೆಟ್ ಕೂರಿಸುವ ಕ್ಲಿಪ್ ಇತ್ತು, ಸೆಟ್ ಇರಲಿಲ್ಲ.

ಅವಳು ಅವನದೇ ಹೇಳಿಕೆ ಓದಿದಳು. ಅರ್ಧ ಕಿಲೋಮೀಟರ್ ಮುಂದೆ. ಇಂಚರ ಕಿರುಚಿದ್ದು ಕೇಳಿ ತಿರುಗಿಸಿದೆ.

"ಇದು ಖರೇನಾ?"

"ಖರೇ ಮೇಡಂ."

"ತಲಿಮ್ಯಾಗ ಹೆಲ್ಮೆಟ್, ಕೆಳಗ ಎಂಜಿನ್, ನಡುವ ತಿರುವು. ಹೆಂಗ ಕೇಳ್ತು?"

"ಭಾಳ ಜೋರ್ ಕಿರುಚಿದಳ್ರಿ."

"ಇಂಚರ ಕಿರುಚೇ ಇಲ್ಲ," ಎಂದಳು ಅನಸೂಯಾ. "ಹತ್ತು ಹೆಜ್ಜಿ ದೂರ ಇದ್ದವ್ರಿಗೆ ಕೇಳಿಲ್ಲ. ಕಿರುಚಿದವ್ರು ಅವಳ ತಾಯಿ. ನೆರುಳಿನಾಗ, ತಮ್ಮ ಮನ್ಯಾಗ ಕೂತು, ಫೋನಿನ್ಯಾಗ. ಆ ಚೀರಾಟ ಬಂದದ್ದು ಬರೇ ಮೂರು ಹೆಲ್ಮೆಟ್ಟಿನೊಳಗ."

ದಿಲೀಪ ಹೆಲ್ಮೆಟ್ಟಿನ ಖಾಲಿ ಕ್ಲಿಪ್ಪಿನ ಮೇಲೆ ಕೈ ಮುಚ್ಚಿದ.

ಅವಳು ನಿಧಾನವಾಗಿ ಮುಂದುವರಿಸಿದಳು. ಆ ದನಿ ಕೇಳಿದ್ದೇ ಆದರೆ ಅವನ ಸೆಟ್ ಮನೆಯಲ್ಲಿರಲಿಲ್ಲ, ಸತ್ತೂ ಇರಲಿಲ್ಲ. ಚಾಲೂ ಇದ್ದ ಸೆಟ್ಟನ್ನು ಅವನು ಚೀರಾಟ ಕೇಳಿದ ಕೂಡಲೇ ಬಂದ್ ಮಾಡಿ, ಪೊಲೀಸರು ಬರುವ ಮೊದಲೇ ಕಿತ್ತು ಅಡಗಿಸಿದ್ದ. ತಿರುವಿಗೆ ಬರುವ ಮೊದಲು ಟ್ಯಾಂಕರ್ ಮುಂದಿದ್ದ ಅವನನ್ನು ದಾಟಿಯೇ ಬಂದಿತ್ತು, ಅಂದರೆ ರಸ್ತೆ ಖಾಲಿಯಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಅವನು ಅಂದ ಮಾತನ್ನು ಆಗಷ್ಟೇ ಸೇರಿದ ಫೋನಿನಲ್ಲಿ ಸರಳಾ ಕೇಳಿಸಿಕೊಂಡಿದ್ದರು. ಆ ಮಾತನ್ನು ಅನಸೂಯಾ ಅವರು ಹೇಳಿದ ಹಾಗೆಯೇ ಹೇಳಿದಳು. ಅವಳದೂ ಆ ಕಡೆಯ ಕನ್ನಡವೇ ಆದ್ದರಿಂದ ಅದು ದಿಲೀಪನದೇ ಮಾತಿನಂತೆ ಕೇಳಿತು.

"ಏನೂ ಪ್ಲ್ಯಾನ್ ಮಾಡಿರಲಿಲ್ರಿ," ಎಂದ ದಿಲೀಪ. "ಟೆಂಪೊ ಅಡ್ಡ ಅದ, ದಾಟ್ಲಾ ಅಂತ ಅವ ಕೇಳಿದ. ಯಾವಾಗಲೂ ಹಂಗೇ ಕೇಳ್ತಿದ್ದ. ನಾ ಮುಂದ ಇರ್ತಿದ್ದೆ, ನಾ ಹೇಳಿದಂಗ ಬರ್ತಿದ್ದ. ಟ್ಯಾಂಕರ್ ಆಗಷ್ಟೇ ನನ್ನ ದಾಟಿ ಹೋಗಿತ್ತು. ನಾಳೆ ಸೋಮವಾರ ಅಂತ ತಲ್ಯಾಗ ಬಂತು. ಬಾಯಿಂದ ಮಾತು ಬಿದ್ದೇಬಿಡ್ತು."

ಹಿಂದೆ ಇಂಚರ ಇದ್ದದ್ದು ನೆನಪಿರಲಿಲ್ಲವೇ ಎಂದು ಅನಸೂಯಾ ಕೇಳಿದಳು. ಸೆಟ್ ಎಲ್ಲಿದೆ ಎಂಬುದನ್ನಷ್ಟೇ ಅವನು ಹೇಳಿದ.

ಸೆಟ್ ಕಾರ್ಖಾನೆಯಲ್ಲಿ ಅವನ ಲಾಕರಿನಲ್ಲಿ ಸಿಕ್ಕಿತು. ಅಪಘಾತದ ಕೇಸು ಅಂದೇ ಕೊಲೆಯ ಕೇಸಾಯಿತು. ವರದಿಯ ಮೂರನೆಯ ಪುಟ ಕಡತಕ್ಕೆ ಸೇರಿತು.

*

ಗುರುವಾರ ಮಧ್ಯಾಹ್ನ ಬಿಡುಗಡೆಯಾದ ಅಂಬಾದಾಸ ಮನೆಗೆ ಹೋಗಲಿಲ್ಲ. ಮರಗಮ್ಮನನ್ನು ಕರೆದುಕೊಂಡು ನೆಟ್ಟಗೆ ಆಸ್ಪತ್ರೆಗೆ ಬಂದ. ವಾರ್ಡಿನ ಬಾಗಿಲವರೆಗೆ ಬಂದವನಿಗೆ ಒಳಗೆ ಹೆಜ್ಜೆ ಇಡಲಾಗಲಿಲ್ಲ. ಹೇಳಿಕೆಗೆ ಸಹಿ ತೆಗೆದುಕೊಳ್ಳಲು ಬಂದಿದ್ದ ಅನಸೂಯಾ ಅವನನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅವರು ಯಾರು ಎಂದು ಇಂಚರ ಕೇಳಿದಳು. ಅನಸೂಯಾ ಹೇಳಿದಳು. ಒಳಗೆ ಕರೆಯಿರಿ ಅಂದಳು.

ಅಂಬಾದಾಸ ಮಂಚದಿಂದ ಎರಡು ಮಾರು ದೂರದಲ್ಲೇ ನಿಂತ. "ನಾ ಬ್ರೇಕ್ ಹಾಕಿದ್ದೆರಿ ಅಕ್ಕಾರ."

"ಗೊತ್ತು," ಎಂದಳು ಇಂಚರ.

ಭಾನುವಾರದಿಂದ ಹೊಡೆತ ತಿಂದರೂ ಕಣ್ಣಲ್ಲಿ ನೀರು ತರದವನು ಗೋಡೆಗೆ ಮುಖ ಮಾಡಿ ಬಿಕ್ಕಿದ. ಸರಳಾ ಎದ್ದು ತಾವು ಕೂತಿದ್ದ ಸ್ಟೂಲನ್ನು ಅವನತ್ತ ಸರಿಸಿದರು.